ಇಂಜಿನ್ ಬಂದರೂ ಗಾಡಿ ಕದಲುತ್ತಿಲ್ಲ: ಕೆಟ್ಟು ನಿಂತ ಲೋಕಲ್ ರೈಲನ್ನು ಎಳೆಯುವಾಗ ದೋಷ ಹುಡುಕುವ ಬಗೆ

ಕೆಟ್ಟು ನಿಂತ ಲೋಕಲ್ ರೈಲಿಗೆ ಸಹಾಯದ ಇಂಜಿನ್ ಬಂದು ಮುಟ್ಟಿದರೆ ಕೆಲಸ ಮುಗಿಯಿತು ಅಂತ ಅನೇಕರು ಅಂದುಕೊಳ್ಳುತ್ತಾರೆ. ಅಸಲು ಕೆಲಸ ಶುರುವಾಗುವುದೇ ಅಲ್ಲಿಂದ. ಕೊಂಡಿ ಹಾಕಿ ಆಗಿರುತ್ತದೆ, ಡ್ರೈವರ್ ಪವರ್ ಕೊಡುತ್ತಾರೆ, ಇಂಜಿನ್ ಗುಡುಗುತ್ತದೆ, ಗಾಡಿ ಮಾತ್ರ ಮಿಸುಕುವುದಿಲ್ಲ. ಆಗ ಸುತ್ತ ನಿಂತವರ ಬಾಯಲ್ಲಿ ಬರುವ ಮಾತು ಒಂದೇ: ‘ಈ ಇಂಜಿನ್‌ಗೆ ದಮ್ ಸಾಲದು, ದೊಡ್ಡದು ತರಿಸಿ.’

ಆ ಮಾತು ನಂಬುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ. 400 ಟನ್ ತೂಕದ ರೈಲು 100ಕ್ಕೆ 1ರ ಏರಿನಲ್ಲಿ ನಿಂತಿದೆ ಅಂತ ಇಟ್ಟುಕೊಳ್ಳಿ. ಅಂದರೆ 100 ಮೀಟರ್ ಹೋದರೆ 1 ಮೀಟರ್ ಏರುವ ದಾರಿ. ಆ ಏರಿಗೆ ಬೇಕಾಗುವ ಬಲ ಸುಮಾರು 40 ಕಿಲೋನ್ಯೂಟನ್. ನಿಂತ ಗಾಡಿಯನ್ನು ಕದಲಿಸಲು ಇನ್ನೊಂದಷ್ಟು ಬೇಕು. ನಾಲ್ಕು ಆಕ್ಸಲ್‌ನ ಒಂದು ಸಾಮಾನ್ಯ ಮೇನ್ ಲೈನ್ ಇಂಜಿನ್ ಹೊರಡುವಾಗ 200 ಕಿಲೋನ್ಯೂಟನ್‌ಗಿಂತ ಜಾಸ್ತಿ ಎಳೆಯಬಲ್ಲದು. ಈಗ ಇನ್ನೊಂದು ಮಗ್ಗುಲು ನೋಡಿ. ಅದೇ ರೈಲಿನ ಬ್ರೇಕ್ ಪೂರ್ತಿ ಹಿಡಿದಾಗ ಪ್ರತಿ ಸೆಕೆಂಡಿಗೂ ಗಂಟೆಗೆ ಮೂರೂವರೆ ಕಿಲೋಮೀಟರಿನಷ್ಟು ವೇಗ ಇಳಿಯುತ್ತದೆ ಅಂದರೆ, ಆ ಬ್ರೇಕಿನ ಬಲ 400 ಕಿಲೋನ್ಯೂಟನ್ ಹತ್ತಿರ. ಏರು ಕೇಳುವುದರ ಹತ್ತು ಪಟ್ಟು! ಕಾಲು ಭಾಗ ಬ್ರೇಕ್ ಬಿಡದೆ ಉಳಿದರೂ 100 ಕಿಲೋನ್ಯೂಟನ್ ಅಲ್ಲೇ ಹೋಯಿತು. ಇಂಜಿನ್ ಸೋಲುತ್ತಿರುವುದು ಗಾಡಿಯ ತೂಕಕ್ಕಲ್ಲ, ಗಾಡಿಯ ಬ್ರೇಕಿಗೆ.

ಆ ಬ್ರೇಕ್ ಬಿಡಿಸುವುದು ಪೈಪಿನಲ್ಲಿ ತುಂಬುವ ಗಾಳಿ. ಹಾಗಾಗಿ ಎರಡನೇ ಇಂಜಿನ್ ಕೇಳುವ ಮೊದಲು ಗಾಳಿ ಎಲ್ಲಿ ತನಕ ಹೋಗಿದೆ, ಎಲ್ಲಿ ನಿಂತಿದೆ ಅಂತ ಹುಡುಕಬೇಕು. ಈ ಬರಹದ ಬಹುಪಾಲು ಅದರ ಬಗ್ಗೆಯೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಒಂದೊಂದು ರೈಲ್ವೆಯ ನಿಯಮ ಒಂದೊಂದು ಥರ. ನಿಮ್ಮ ರೂಲ್ ಪುಸ್ತಕ ಮತ್ತು ಆ ಗಾಡಿಯ ಕೈಪಿಡಿ ಏನು ಹೇಳುತ್ತವೋ ಅದೇ ಅಂತಿಮ.

ಇಂಜಿನ್ ಬರುವ ಮೊದಲು

ಸಹಾಯ ಕೇಳಿದ ಮೇಲೆ ಗಾಡಿಯನ್ನು ಒಂದು ಇಂಚೂ ಕದಲಿಸಬಾರದು. ಈ ನಿಯಮದ ಬೆಲೆ ಗೊತ್ತಾಗಬೇಕಾದರೆ ಎದುರಿನಿಂದ ಬರುತ್ತಿರುವ ಡ್ರೈವರ್ ಜಾಗದಲ್ಲಿ ನಿಂತು ಯೋಚಿಸಿ. ಆ ಹಳಿಯ ಮೇಲೆ ಒಂದು ಗಾಡಿ ನಿಂತಿದೆ ಅಂತ ಗೊತ್ತಿದ್ದೇ, ಅದು ಇಂಥ ಕಿಲೋಮೀಟರ್ ಕಂಬದ ಹತ್ತಿರ ಇದೆ ಅಂತ ನಂಬಿ ಅವರು ಒಳಗೆ ಬರುತ್ತಿರುತ್ತಾರೆ. ಅಷ್ಟರಲ್ಲಿ ನಿಮ್ಮ ಗಾಡಿ ಸರಿಹೋಗಿ, ಖುಷಿಯಲ್ಲಿ ನೀವು ಅರ್ಧ ಕಿಲೋಮೀಟರ್ ಮುಂದೆ ಬಂದರೆ? ಸರಿಹೋದರೂ ಸುಮ್ನೆ ನಿಲ್ಲಿ. ರೈಲುಗಳ ಓಡಾಟ ನಿಯಂತ್ರಿಸುವ ಕಂಟ್ರೋಲಿಗೆ ತಿಳಿಸಿ, ಅವರು ಒಪ್ಪಿದ ಮೇಲಷ್ಟೇ ಹೊರಡಿ.

ಕಂಟ್ರೋಲಿಗೆ ‘ಗಾಡಿ ಕೆಟ್ಟಿದೆ’ ಅಂದರೆ ಸಾಲದು. ಯಾವ ತುದಿಗೆ ಇಂಜಿನ್ ಬರಬೇಕು, ಏರೋ ಇಳಿಜಾರೋ, ತಿರುವಿನಲ್ಲಿ ನಿಂತಿದೆಯೋ, ಕೊಂಡಿ ಯಾವ ಬಗೆಯದು, ಬೇರೆ ಬೇರೆ ಬಗೆಯ ಕೊಂಡಿಗಳನ್ನು ಸೇರಿಸುವ ಅಡಾಪ್ಟರ್ ಗಾಡಿಯಲ್ಲೇ ಇದೆಯೋ ತರಬೇಕೋ, ಬ್ಯಾಟರಿ ಹೇಗಿದೆ, ಇಷ್ಟನ್ನೂ ಮೊದಲ ಕರೆಯಲ್ಲೇ ಹೇಳಿ. ಅಡಾಪ್ಟರ್ ಇಲ್ಲದ ಇಂಜಿನ್ ಬಂದು ಮುಂದೆ ನಿಂತರೆ ಮತ್ತೆ ಮೊದಲಿನಿಂದ ಕಾಯಬೇಕಾಗುತ್ತದೆ.

ಬ್ಯಾಟರಿಯನ್ನು ಜೋಪಾನ ಮಾಡಿ. ಈಗಿನ ಗಾಡಿಗಳಲ್ಲಿ ಬಾಗಿಲು, ಮೈಕು, ತುರ್ತು ದೀಪ ಮಾತ್ರವಲ್ಲ, ಬ್ರೇಕಿನ ಬುದ್ಧಿ ಕೂಡ ಬ್ಯಾಟರಿಯ ಮೇಲೆಯೇ ನಡೆಯುತ್ತದೆ. ಅದು ಬತ್ತಿದರೆ ಮುಂದೆ ಎಳೆಯುವುದು ಎರಡು ಪಟ್ಟು ಕಷ್ಟ.

ಪ್ರಯಾಣಿಕರ ಜೊತೆ ಮಾತಾಡುತ್ತಲೇ ಇರಿ. ಹೊಸ ಸುದ್ದಿ ಇಲ್ಲದಿದ್ದರೆ ‘ಇನ್ನೂ ಇಂಜಿನ್ ಬಂದಿಲ್ಲ, ಬಂದ ಕೂಡಲೇ ಹೇಳುತ್ತೇವೆ’ ಅಂತಲಾದರೂ ಹೇಳಿ. ಗಾಳಿಯಾಡದ ಬೋಗಿಯಲ್ಲಿ ಒತ್ತಾಗಿ ನಿಂತವರಿಗೆ ಮೌನವೇ ಹೆಚ್ಚು ಭಯ. ಅವರು ಬಾಗಿಲು ಬಿಡಿಸಿಕೊಂಡು ಹಳಿಗೆ ಇಳಿದರೆ ಪಕ್ಕದ ಹಳಿಯ ಗಾಡಿಗಳೂ ನಿಲ್ಲುತ್ತವೆ, ಕರೆಂಟ್ ತೆಗೆಯಬೇಕಾಗುತ್ತದೆ, ಸಹಾಯದ ಇಂಜಿನ್ ಕೂಡ ದಾರಿಯಲ್ಲೇ ಉಳಿಯುತ್ತದೆ.

ಕೊಂಡಿ ಕೂರುತ್ತಿಲ್ಲ

ಬಹಳಷ್ಟು ಲೋಕಲ್ ರೈಲುಗಳ ಮೂತಿಯಲ್ಲಿ ಶಾರ್ಫೆನ್‌ಬರ್ಗ್ ಬಗೆಯ ತಾನೇ ಕೂಡಿಕೊಳ್ಳುವ ಕಪ್ಲರ್ ಇರುತ್ತದೆ. ಇಂಜಿನ್‌ಗೆ ಸ್ಕ್ರೂ ಕೊಂಡಿ ಮತ್ತು ಬಫರ್ ಇರಬಹುದು, ಇಲ್ಲವೇ ಬೆರಳು ಮಡಚಿ ಹಿಡಿಯುವಂಥ ನಕಲ್ ಕಪ್ಲರ್ ಇರಬಹುದು. ಒಂದಕ್ಕೊಂದು ನೇರವಾಗಿ ಸೇರುವುದಿಲ್ಲ. ನಡುವೆ ಅಡಾಪ್ಟರ್ ಬೇಕು. ಬ್ರಿಟನ್‌ನಲ್ಲಿ ಪೆಂಡೊಲಿನೊ ರೈಲುಗಳು ಕೆಟ್ಟಾಗ ಎಳೆಯಲೆಂದೇ 57/3 ದರ್ಜೆಯ ಡೀಸೆಲ್ ಇಂಜಿನ್‌ಗಳಿಗೆ ಆ ರೈಲುಗಳಿಗೆ ಹೊಂದುವ ಡೆಲ್ನರ್ ಕಪ್ಲರ್ ಕೂರಿಸಿ ಇಟ್ಟುಕೊಂಡಿದ್ದರು. ಇಂಥ ಮುಂದಾಲೋಚನೆ ಇದ್ದಲ್ಲಿ ಅಡಾಪ್ಟರ್‌ನ ಪಾಡೇ ಇಲ್ಲ.

ಎರಡು ಮೂತಿ ಮುಟ್ಟಿಯೂ ಕೂಡಿಕೊಳ್ಳದಿದ್ದರೆ ಮೊದಲು ಹಳಿ ನೋಡಿ. ತಿರುವಿನಲ್ಲಿ ಎರಡು ಕಪ್ಲರ್‌ಗಳು ಬೇರೆ ಬೇರೆ ದಿಕ್ಕಿಗೆ ನೋಡುತ್ತಿರುತ್ತವೆ. ಕಪ್ಲರನ್ನು ನಡುವಿಗೆ ಎಳೆದುಕೊಂಡು ಮತ್ತೆ ಮುಟ್ಟಿಸಬೇಕು. ಎರಡನೆಯದು ಎತ್ತರ. ಗಾಳಿ ಸ್ಪ್ರಿಂಗ್ ಮೇಲೆ ಕೂತ ಬೋಗಿಯಲ್ಲಿ ಗಾಳಿ ಇಳಿದು ಹೋಗಿದ್ದರೆ ಇಡೀ ಬೋಗಿ ಒಂದಿಷ್ಟು ಕೆಳಗೆ ಕೂತಿರುತ್ತದೆ, ಜೊತೆಗೆ ಕಪ್ಲರ್ ಕೂಡ. ಮೂರನೆಯದು ಕೊಳೆ. ಮುಚ್ಚಳದ ಹಿಂದೆ ವರ್ಷಗಟ್ಟಲೆ ಕೂತ ಕಪ್ಲರ್ ಮುಖದ ಮೇಲೆ ಗ್ರೀಸ್, ಧೂಳು ಸೇರಿ ಗಟ್ಟಿಯಾಗಿರುತ್ತದೆ. ಒರೆಸಿ ನೋಡಿ.

ಅಡಾಪ್ಟರ್ ಭಾರದ ವಸ್ತು, ಒಬ್ಬರೇ ಎತ್ತುವ ಸಾಹಸ ಬೇಡ. ಅದನ್ನು ಕೂರಿಸುವಾಗ ಇಂಜಿನ್ ಒಂದೆರಡು ಮೀಟರ್ ದೂರದಲ್ಲಿ ನಿಂತು ಬ್ರೇಕ್ ಹಾಕಿಕೊಂಡಿರಬೇಕು. ನಡುವೆ ಜನ ಇರುವ ತನಕ ಯಾವುದೂ ಅಲುಗಕೂಡದು. ಪಿನ್ ಪೂರ್ತಿ ಇಳಿದಿದೆಯಾ, ಅದರ ಬೀಗ ಕೂತಿದೆಯಾ ಅಂತ ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ನೋಡಿ. ಆಮೇಲೆ ಎಳೆದು ನೋಡುವ ಪರೀಕ್ಷೆ. ಕೆಟ್ಟ ಗಾಡಿಯ ಬ್ರೇಕ್ ಹಿಡಿದೇ ಇರಲಿ, ಇಂಜಿನ್ ಹಗುರವಾಗಿ ಹಿಂದಕ್ಕೆ ಎಳೆಯಲಿ. ಕೊಂಡಿ ಹಿಡಿದು ನಿಂತರೆ ಮಾತ್ರ ಮುಂದಿನ ಕೆಲಸ. ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಈ ಪರೀಕ್ಷೆಯೇ.

ಪೈಪಿನಲ್ಲಿ ಗಾಳಿ ಏರುತ್ತಿಲ್ಲ

ಜಾರ್ಜ್ ವೆಸ್ಟಿಂಗ್‌ಹೌಸ್ 1870ರ ದಶಕದಲ್ಲಿ ತಂದ ತತ್ವವೇ ಇವತ್ತಿಗೂ ನಡೆಯುತ್ತಿದೆ. ಉದ್ದಕ್ಕೂ ಒಂದು ಬ್ರೇಕ್ ಪೈಪ್. ಅದರಲ್ಲಿ ಗಾಳಿ ತುಂಬಿದರೆ ಬ್ರೇಕ್ ಬಿಡುತ್ತದೆ, ಗಾಳಿ ಹೋದರೆ ಹಿಡಿಯುತ್ತದೆ. ಅನೇಕ ದೇಶಗಳಲ್ಲಿ ಪೂರ್ತಿ ಒತ್ತಡ ಅಂದರೆ 5 ಬಾರ್. ಜೊತೆಗೆ ಇನ್ನೊಂದು ಪೈಪ್ ಇರುತ್ತದೆ, ಮೇನ್ ರಿಸರ್ವಾಯರ್ ಪೈಪ್ ಅಥವಾ ಫೀಡ್ ಪೈಪ್. ಬಾಗಿಲು, ಗಾಳಿ ಸ್ಪ್ರಿಂಗ್, ಪಾರ್ಕಿಂಗ್ ಬ್ರೇಕ್‌ಗೆಲ್ಲ ಗಾಳಿ ಕೊಡುವುದು ಇದು. ಎರಡೂ ಹೋಸ್‌ಗಳನ್ನು ಅದಲುಬದಲು ಮಾಡಬೇಡಿ. ಭಾರತದಲ್ಲಿ ಬ್ರೇಕ್ ಪೈಪಿಗೆ ಹಸಿರು, ಫೀಡ್ ಪೈಪಿಗೆ ಬಿಳಿ. ಬ್ರಿಟನ್‌ನಲ್ಲಿ ಬ್ರೇಕ್ ಪೈಪಿಗೆ ಕೆಂಪು, ಇನ್ನೊಂದಕ್ಕೆ ಹಳದಿ. ಬಣ್ಣ ಮಾಸಿದ್ದರೆ ಪೈಪನ್ನು ಕಾಕ್ (ಗಾಳಿ ಬಿಡುವ, ತಡೆಯುವ ನಲ್ಲಿ) ತನಕ ಕಣ್ಣಲ್ಲೇ ಹಿಂಬಾಲಿಸಿ.

ಹೋಸ್ ಜೋಡಿಸುವ ಮೊದಲು ಇಂಜಿನ್ ಕಡೆಯ ಕಾಕನ್ನು ಒಂದು ಕ್ಷಣ ನಿಧಾನವಾಗಿ ತೆರೆದು ಗಾಳಿ ಊದಿಸಿ. ಹೋಸನ್ನು ಬಿಗಿಯಾಗಿ ಹಿಡಿದುಕೊಳ್ಳಿ, ಮುಖಕ್ಕೆ ತಿರುಗಿಸಬೇಡಿ. ಒಳಗಿನ ನೀರು, ತುಕ್ಕಿನ ಪುಡಿ ಹೊರಗೆ ಬರುತ್ತದೆ. ಆಮೇಲೆ ಹೋಸ್ ಬಾಯಲ್ಲಿ ರಬ್ಬರ್ ವಾಷರ್ ಇದೆಯಾ ನೋಡಿ. ಸೀಳಿದ ಅಥವಾ ಇಲ್ಲದೇ ಹೋದ ವಾಷರ್ ಒಂದೇ ಸಾಕು, ಇಂಜಿನ್ ಎಷ್ಟು ತುಂಬಿಸಿದರೂ ಗೇಜ್ ಮೂರರ ಹತ್ತಿರ ತೂಗಾಡುತ್ತಲೇ ಇರುತ್ತದೆ. ಜೇಬಲ್ಲಿ ಎರಡು ವಾಷರ್ ಇಟ್ಟುಕೊಂಡು ಹೋಗುವ ಅಭ್ಯಾಸ ಒಳ್ಳೆಯದು.

ಗೇಜ್ ಏನು ಹೇಳುತ್ತಿದೆ ಅಂತ ಓದಲು ಕಲಿತರೆ ಅರ್ಧ ದೋಷ ಅಲ್ಲೇ ಸಿಗುತ್ತದೆ. ಮುಳ್ಳು ಮೇಲೆ ಏಳುವುದೇ ಇಲ್ಲ ಅಂದರೆ ಎಲ್ಲೋ ದೊಡ್ಡದಾಗಿ ತೆರೆದಿದೆ. ಯಾರೋ ತುರ್ತು ಸರಪಳಿ ಎಳೆದಿರಬಹುದು. ಕಾಯ್ದು ಸುಸ್ತಾದ ಜನ ಎಳೆಯುವುದು ಸಹಜ. ಇಲ್ಲವೇ ಕೊನೇ ಬೋಗಿಯ ಹಿಂದಿನ ಕಾಕ್ ತೆರೆದಿರಬಹುದು. ಕೆಟ್ಟ ಗಾಡಿಯ ಕ್ಯಾಬಿನಲ್ಲಿ ಬ್ರೇಕ್ ಹ್ಯಾಂಡಲ್ ಎಮರ್ಜೆನ್ಸಿಯಲ್ಲೇ ಉಳಿದಿರಬಹುದು. ಆ ಕ್ಯಾಬಿನ ರೈಲು ರಕ್ಷಣಾ ಸಾಧನ, ಡ್ರೈವರ್ ಎಚ್ಚರ ತಪ್ಪಿದರೆ ಬ್ರೇಕ್ ಹಾಕುವ ಡೆಡ್‌ಮ್ಯಾನ್ ಸಾಧನಗಳನ್ನು ಕೈಪಿಡಿಯಲ್ಲಿ ಹೇಳಿದಂತೆ ಪ್ರತ್ಯೇಕಿಸದಿದ್ದರೆ ನೀವು ತುಂಬಿಸಿದ ಗಾಳಿಯನ್ನು ಅವು ಹೊರಗೆ ಬಿಡುತ್ತಲೇ ಇರುತ್ತವೆ.

ಮುಳ್ಳು ಏರುತ್ತದೆ ಆದರೆ ಮೂರೂವರೆ, ನಾಲ್ಕಕ್ಕೆ ನಿಲ್ಲುತ್ತದೆ ಅಂದರೆ ಸೋರಿಕೆ. ಉದ್ದದ ಗಾಡಿಯಲ್ಲಿ ಬೋಗಿ ಬೋಗಿ ಹುಡುಕುತ್ತಾ ಹೋಗಬೇಡಿ. ನಡುವಿನ ಬೋಗಿಯ ಕಾಕ್ ಮುಚ್ಚಿಸಿ. ಈಗ ಒತ್ತಡ ಏರಿತಾ? ಹಾಗಾದರೆ ಸೋರಿಕೆ ಹಿಂದಿನ ಅರ್ಧದಲ್ಲಿದೆ. ಏರಲಿಲ್ಲವಾ? ಮುಂದಿನ ಅರ್ಧದಲ್ಲಿದೆ. ಮತ್ತೆ ಅದರ ನಡುವೆ ಮುಚ್ಚಿ ನೋಡಿ. ಹನ್ನೆರಡು ಬೋಗಿಯ ಗಾಡಿಯಲ್ಲಿ ಮೂರು ನಾಲ್ಕು ಸಲಕ್ಕೆ ತಪ್ಪಿತಸ್ಥ ಬೋಗಿ ಸಿಕ್ಕಿಬಿಡುತ್ತದೆ. ಮುಚ್ಚಿದ ಪ್ರತಿ ಕಾಕನ್ನೂ ಮುಚ್ಚಿದವರೇ ತೆರೆಯಬೇಕು, ತೆರೆದದ್ದನ್ನು ಜೋರಾಗಿ ಹೇಳಬೇಕು.

ಇನ್ನೊಂದು ಸುಳಿವು ಇದೆ, ಕಾಣಲು ತುಂಬಾ ಸಮಾಧಾನಕರ, ಅಸಲಿಗೆ ಎಲ್ಲಕ್ಕಿಂತ ಅಪಾಯಕಾರಿ. ಗೇಜ್ ಸರ್ರನೆ ಏರಿ ಕೆಲವೇ ಸೆಕೆಂಡಿನಲ್ಲಿ 5ಕ್ಕೆ ನಿಂತಿತು ಅಂದುಕೊಳ್ಳಿ. ಖಾಲಿಯಾಗಿದ್ದ ಉದ್ದದ ಗಾಡಿಯ ಪೈಪು, ಟ್ಯಾಂಕುಗಳು ಅಷ್ಟು ಬೇಗ ತುಂಬಲು ಸಾಧ್ಯವೇ ಇಲ್ಲ. ಇಂಜಿನ್‌ನ ಹಿಂದೆಯೇ ಯಾವುದೋ ಕಾಕ್ ಮುಚ್ಚಿದೆ. ನೀವು ತುಂಬಿಸಿದ್ದು ಇಂಜಿನ್‌ನ ಸ್ವಂತ ಪೈಪನ್ನು ಮಾತ್ರ.

ಪೈಪ್ ತುಂಬಿದೆ, ಬ್ರೇಕ್ ಬಿಡುತ್ತಿಲ್ಲ

ಇಲ್ಲಿಗೆ ಬಂದಾಗ ಮೊದಲ ಪ್ರಶ್ನೆ: ಎಲ್ಲಾ ಬೋಗಿಗಳೂ ಹಿಡಿದಿವೆಯಾ, ಒಂದೆರಡಾ? ಗಾಡಿಯ ಪಕ್ಕದಲ್ಲಿ ನಡೆದು ನೋಡಿ. ಡಿಸ್ಕ್ ಬ್ರೇಕ್ ಇದ್ದರೆ ಬೋಗಿಯ ಪಕ್ಕದ ಸೂಚಕ ಕಿಟಕಿಯಲ್ಲಿ ಕೆಂಪೋ ಹಸಿರೋ ಕಾಣುತ್ತದೆ. ಚಕ್ರಕ್ಕೆ ಒತ್ತುವ ಬ್ಲಾಕ್ ಇದ್ದರೆ ಸಲಾಕೆಯಿಂದ ಮೆಲ್ಲಗೆ ತಟ್ಟಿ. ಬಿಟ್ಟ ಬ್ಲಾಕ್ ಸಡಿಲವಾಗಿ ಅಲುಗುತ್ತದೆ, ಹಿಡಿದ ಬ್ಲಾಕ್ ಗಟ್ಟಿ ನಿಂತಿರುತ್ತದೆ. ಕೈ ಹಾಕಿ ನೋಡಬೇಡಿ.

ಎಲ್ಲಾ ಬೋಗಿಗಳೂ ತುಸು ತುಸು ಹಿಡಿದಿವೆ, ಗೇಜ್ ಮಾತ್ರ 5ರ ಹತ್ತಿರವೇ ಇದೆ ಅಂದರೆ ಓವರ್‌ಚಾರ್ಜ್ ಇರಬಹುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಗೊತ್ತಿಲ್ಲದವರು ಇದರ ಮುಂದೆ ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುತ್ತಾರೆ. ಪ್ರತಿ ಬೋಗಿಯ ಡಿಸ್ಟ್ರಿಬ್ಯೂಟರ್ ವಾಲ್ವ್ ಜೊತೆ ಕಂಟ್ರೋಲ್ ರಿಸರ್ವಾಯರ್ ಅಂತ ಒಂದು ಸಣ್ಣ ಟ್ಯಾಂಕ್ ಇರುತ್ತದೆ. ಪೈಪ್ ಪೂರ್ತಿ ತುಂಬಿದ್ದಾಗ ಎಷ್ಟು ಒತ್ತಡ ಇತ್ತೋ ಅದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ವಾಲ್ವ್ ಪ್ರತಿಸಲ ಅದಕ್ಕೇ ಹೋಲಿಸುತ್ತದೆ. ಪೈಪಿನ ಒತ್ತಡ ಆ ಗುರುತಿಗಿಂತ ಕಡಿಮೆಯಾದರೆ ಬ್ರೇಕ್ ಹಾಕುತ್ತದೆ, ಗುರುತಿಗೆ ವಾಪಸ್ ಬಂದರೆ ಬಿಡುತ್ತದೆ. ಈಗ ಕೆಟ್ಟ ಗಾಡಿ ಓಡುತ್ತಿದ್ದಾಗ ಅದರ ಪೈಪಿನಲ್ಲಿ 5.2 ಬಾರ್ ಇತ್ತು ಅನ್ನೋಣ. ಸಹಾಯದ ಇಂಜಿನ್ ಕೊಡುವುದು 4.9. ಇಂಜಿನ್ ಡ್ರೈವರ್‌ಗೆ ಗೇಜ್ ಸರಿಯಾಗೇ ಕಾಣುತ್ತದೆ. ಬೋಗಿಗಳಿಗೆ ಮಾತ್ರ 0.3 ಬಾರ್ ಕಡಿಮೆ ಅನ್ನಿಸುತ್ತದೆ, ಅಷ್ಟಕ್ಕೆ ತಕ್ಕ ಬ್ರೇಕ್ ಹಾಗೇ ಉಳಿಯುತ್ತದೆ.

ಪರಿಹಾರ ಎರಡು. ಇಂಜಿನ್‌ನಲ್ಲಿ ಓವರ್‌ಚಾರ್ಜ್ ಗುಂಡಿ ಇದ್ದರೆ ಪೈಪನ್ನು 5.4 ಬಾರ್ ತನಕ ಏರಿಸಿ, ಅದು ತಾನಾಗಿ ನಿಧಾನವಾಗಿ ಇಳಿಯಲು ಬಿಡಿ. ಅಷ್ಟು ನಿಧಾನ ಇಳಿಕೆಗೆ ವಾಲ್ವ್ ಬ್ರೇಕ್ ಹಾಕುವುದಿಲ್ಲ, ಗುರುತೂ ಜೊತೆಗೇ ಇಳಿದು ಬರುತ್ತದೆ. ಗುಂಡಿ ಇಲ್ಲದಿದ್ದರೆ ಪ್ರತಿ ಬೋಗಿಯ ಬದಿಯಲ್ಲಿ ಜೋತಾಡುವ ರಿಲೀಸ್ ತಂತಿಯನ್ನು ಎಳೆಯಬೇಕು. ಪುಸ್ ಅಂತ ಒಂದು ಸದ್ದು, ಅದರ ಬೆನ್ನಿಗೇ ಬ್ಲಾಕ್ ಚಕ್ರ ಬಿಟ್ಟ ಟಕ್ ಸದ್ದು. ತಂತಿ ಎಳೆದರೆ ಬ್ರೇಕ್ ಹಾಳಾಗುವುದಿಲ್ಲ. ಹಳೇ ಗುರುತು ಅಳಿಸಿ ಇಂಜಿನ್ ಕೊಡುವ ಒತ್ತಡವೇ ಹೊಸ ಗುರುತಾಗುತ್ತದೆ, ಅಷ್ಟೇ. ಆದರೆ ಇದನ್ನು ಪೈಪ್ ತುಂಬಿದ ಮೇಲೆಯೇ ಮಾಡಬೇಕು, ಮೊದಲೇ ಅಲ್ಲ.

ಬ್ರೇಕನ್ನು ಒತ್ತಿ ಹಿಡಿಯುವ ಬ್ರೇಕ್ ಸಿಲಿಂಡರಿನಲ್ಲಿ ಗಾಳಿಯೇ ಇಲ್ಲ, ಆದರೂ ಚಕ್ರ ಹಿಡಿದಿದೆ ಅಂದರೆ ಪಾರ್ಕಿಂಗ್ ಬ್ರೇಕ್. ಇದರ ಕೆಲಸ ಉಲ್ಟಾ. ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ಗಾಳಿ. ಕಂಪ್ರೆಸರ್ ನಿಂತು ಟ್ಯಾಂಕಿನ ಗಾಳಿ ಸೋರಿದಂತೆ ಯಾರೂ ಮುಟ್ಟದಿದ್ದರೂ ಅದು ಹಿಡಿದುಕೊಳ್ಳುತ್ತದೆ. ಫೀಡ್ ಪೈಪ್ ಜೋಡಿಸಿ ಗಾಳಿ ಕೊಟ್ಟರೆ ಸಾಮಾನ್ಯವಾಗಿ ಬಿಡುತ್ತದೆ. ಇಂಜಿನ್‌ಗೆ ಫೀಡ್ ಪೈಪ್ ಇಲ್ಲದಿದ್ದರೆ ಬೋಗಿ ಬೋಗಿಗೂ ಹೋಗಿ ರಿಂಗ್ ಎಳೆದು ಕೈಯಾರೆ ಬಿಡಿಸಬೇಕು. ಹಾಗೆ ಬಿಡಿಸಿದ್ದು ಮತ್ತೆ ಗಾಳಿ ತುಂಬಿ ಸರಿಪಡಿಸುವ ತನಕ ಹಿಡಿಯುವುದಿಲ್ಲ. ಆ ಬೋಗಿ ನಂಬರ್ ಬರೆದಿಟ್ಟುಕೊಳ್ಳಿ.

ಮೂರನೇ ಬಗೆ ಹೊಸ ಗಾಡಿಗಳದ್ದು. ಅವುಗಳಲ್ಲಿ ಬ್ರೇಕಿಗೆ ಆಜ್ಞೆ ಹೋಗುವುದು ತಂತಿಯಲ್ಲಿ. ತಂತಿಯಲ್ಲಿ ಕರೆಂಟ್ ಇದ್ದರೆ ಬ್ರೇಕ್ ಬಿಡುತ್ತದೆ, ಹೋದರೆ ಎಮರ್ಜೆನ್ಸಿ. ಇಂಜಿನ್‌ನ ಬ್ರೇಕ್ ಪೈಪಿನ ಏರಿಳಿತವನ್ನು ಓದಿ ತಂತಿಯ ಆಜ್ಞೆಯಾಗಿ ಬದಲಿಸುವ ಘಟಕ ಇಂಥ ಗಾಡಿಯಲ್ಲಿ ಇರಬೇಕು, ಅದಕ್ಕೆ ಬ್ಯಾಟರಿ ಇರಬೇಕು, ಕ್ಯಾಬಿನಲ್ಲಿ ಎಳೆಸಿಕೊಳ್ಳುವ ಸ್ವಿಚ್ ಸರಿಯಾದ ಕಡೆಗೆ ತಿರುಗಿರಬೇಕು. ಇದರಲ್ಲಿ ಯಾವುದು ತಪ್ಪಿದರೂ ಪೈಪಿನಲ್ಲಿ 5 ಬಾರ್ ಇದ್ದೂ ಇಡೀ ಗಾಡಿ ಕಲ್ಲಿನಂತೆ ನಿಂತಿರುತ್ತದೆ. ಎಲ್ಲಾ ಬೋಗಿಗಳೂ ಪೂರ್ತಿ ಬಲದಲ್ಲಿ ಹಿಡಿದಿದ್ದರೆ ಮೊದಲು ಈ ಸ್ವಿಚ್ ಮತ್ತು ಬ್ಯಾಟರಿ ನೋಡಿ.

ಬ್ರೇಕ್ ಕೈಯಾರೆ ತೆಗೆಯುವ ಮೊದಲು

ಏನೂ ಸಾಗದಿದ್ದಾಗ ಕೊನೆಯ ದಾರಿ, ಹಿಡಿದ ಬೋಗಿಯ ಬ್ರೇಕನ್ನು ಐಸೊಲೇಟ್ ಮಾಡಿ, ಅಂದರೆ ಪೈಪಿನಿಂದ ಬೇರ್ಪಡಿಸಿ, ಅದರ ಬ್ರೇಕ್ ಸಿಲಿಂಡರಿನ ಗಾಳಿ ಬಿಡುವುದು. ಈ ದಾರಿ ಇದೆ. ಆದರೆ ಬ್ರೇಕ್ ಯಾಕೆ ಹಿಡಿದಿದೆ ಅಂತ ತಿಳಿಯದೆ ಅದಕ್ಕೆ ಕೈ ಹಾಕಬಾರದು.

1988ರ ಜೂನ್ 27ರಂದು ಪ್ಯಾರಿಸ್ಸಿಗೆ ಬರುತ್ತಿದ್ದ ಒಂದು ಲೋಕಲ್ ರೈಲಿನಲ್ಲಿ ಪ್ರಯಾಣಿಕರೊಬ್ಬರು ತುರ್ತು ಬ್ರೇಕ್ ಎಳೆದರು. ಅದನ್ನು ಸರಿಪಡಿಸುವಾಗ ಗೊತ್ತಿಲ್ಲದೆ ಬ್ರೇಕ್ ಪೈಪಿನ ಒಂದು ಕಾಕ್ ಮುಚ್ಚಿಹೋಯಿತು. ಹಿಂದಿನ ಬೋಗಿಗಳ ಬ್ರೇಕ್ ಬಿಡಲಿಲ್ಲ. ಪೈಪಿನಲ್ಲಿ ಗಾಳಿ ಕಟ್ಟಿಕೊಂಡಿದೆ ಅಂತ ಭಾವಿಸಿ ಆ ಬೋಗಿಗಳ ಬ್ರೇಕಿನ ಗಾಳಿಯನ್ನು ಕೈಯಾರೆ ಬಿಟ್ಟರು. ಗಾಡಿ ಹೊರಟಿತು. ಮುಂದಿನ ಬೋಗಿ ಬಿಟ್ಟರೆ ಉಳಿದವಕ್ಕೆ ಬ್ರೇಕ್ ಇರಲಿಲ್ಲ. ಪ್ಯಾರಿಸ್ಸಿನ ಗಾರ್ ದ ಲಿಯೋನ್ ನಿಲ್ದಾಣದಲ್ಲಿ ನಿಂತಿದ್ದ ಇನ್ನೊಂದು ರೈಲಿಗೆ ಅದು ಡಿಕ್ಕಿ ಹೊಡೆದು 56 ಜನ ತೀರಿಕೊಂಡರು. ಬಿಡದ ಬ್ರೇಕ್ ಅಲ್ಲಿ ದೋಷವಾಗಿರಲಿಲ್ಲ, ದೋಷದ ಸುಳಿವಾಗಿತ್ತು.

ಹಾಗಾಗಿ ಕೊನೇ ಬೋಗಿಯ ಪರೀಕ್ಷೆ ಬಿಡಬೇಡಿ. ಒಬ್ಬರು ಗಾಡಿಯ ಬಾಲಕ್ಕೆ ಹೋಗಬೇಕು. ಇಂಜಿನ್ ಡ್ರೈವರ್ ಪೈಪಿನ ಒತ್ತಡ ಇಳಿಸಿದಾಗ ಕೊನೇ ಬೋಗಿಯ ಬ್ರೇಕ್ ಹಿಡಿಯಬೇಕು, ಏರಿಸಿದಾಗ ಬಿಡಬೇಕು. ಆಮೇಲೆ ಬಾಲದ ಕಾಕನ್ನು ತುಸು ತೆರೆದರೆ ಇಂಜಿನ್‌ನ ಗೇಜ್ ಇಳಿಯಬೇಕು. ಎರಡೂ ಕಡೆಯಿಂದ ಸರಿಬಂದರೆ ಮಾತ್ರ ಪೈಪ್ ಪೂರ್ತಿ ತೆರೆದಿದೆ ಅಂತ ಅರ್ಥ.

ಕೊಂಡಿಯನ್ನೇ ನಂಬಿ ಬ್ರೇಕ್ ಪೂರ್ತಿ ತೆಗೆದರೆ ಏನಾಗುತ್ತದೆ ಅಂತ 2010ರ ಆಗಸ್ಟ್ 13ರಂದು ಲಂಡನ್ ಅಂಡರ್‌ಗ್ರೌಂಡ್‌ನ ನಾರ್ದರ್ನ್ ಲೈನ್‌ನಲ್ಲಿ ಕಂಡಿತು. ಕೆಟ್ಟಿದ್ದ ಹಳಿ ಉಜ್ಜುವ ಗಾಡಿಯೊಂದನ್ನು ಇನ್ನೊಂದು ರೈಲು ಎಳೆಯುತ್ತಿತ್ತು. ಎಳೆಯಲೆಂದು ಅದರ ಬ್ರೇಕನ್ನು ಬಿಡಿಸಿಟ್ಟಿದ್ದರು. ತುರ್ತು ಕೊಂಡಿ ಮುರಿಯಿತು. ಗಾಡಿಯಲ್ಲಿದ್ದವರಿಗೆ ಬ್ರೇಕ್ ಹಾಕಲು ಆಗಲಿಲ್ಲ, ಹಾರಿ ಇಳಿದರು. ಆಮೇಲೆ ಯಾರೂ ಇಲ್ಲದ ಆ ಗಾಡಿ ಇಳಿಜಾರಿನಲ್ಲಿ ಓಡಿ ವಾರನ್ ಸ್ಟ್ರೀಟ್ ಹತ್ತಿರ ನಿಂತಿತು. ಒಟ್ಟು ಸುಮಾರು 4 ಮೈಲಿ. ಮುಂದಿದ್ದ ಪ್ರಯಾಣಿಕರ ರೈಲನ್ನು ನಿಲ್ದಾಣಗಳಲ್ಲಿ ನಿಲ್ಲಿಸದೆ ಓಡಿಸಿ ಕಂಟ್ರೋಲಿನವರು ದಾರಿ ತೆರವು ಮಾಡಿದರು. ಯಾರಿಗೂ ಪೆಟ್ಟಾಗಲಿಲ್ಲ.

ಒಂದೆರಡು ಬೋಗಿ ಐಸೊಲೇಟ್ ಮಾಡಲೇಬೇಕಾದರೆ ಎಷ್ಟು ಮಾಡಿದಿರಿ ಅಂತ ಎಣಿಸಿ, ಇಬ್ಬರು ಡ್ರೈವರ್‌ಗಳಿಗೂ ಕಂಟ್ರೋಲಿಗೂ ಹೇಳಿ, ಅದಕ್ಕೆ ತಕ್ಕಂತೆ ವೇಗ ಇಳಿಸಿ. ಬಾಲದ ಬೋಗಿಗೆ ಮಾತ್ರ ಕೆಲಸ ಮಾಡುವ ಬ್ರೇಕ್ ಇರಲೇಬೇಕು.

ಹೊರಟ ಮೇಲೆ

ಮೊದಲ ಕೆಲವು ಮೀಟರ್ ನಡಿಗೆಯ ವೇಗ ಸಾಕು. ಪಕ್ಕದಲ್ಲಿ ಸುರಕ್ಷಿತ ಜಾಗದಲ್ಲಿ ಒಬ್ಬರು ನಿಂತು ಪ್ರತಿ ಚಕ್ರವೂ ಉರುಳುತ್ತಿದೆಯಾ ಅಂತ ನೋಡಬೇಕು. ಬ್ರೇಕ್ ಬಿಟ್ಟಿದ್ದೂ ಚಕ್ರ ಜಾರುತ್ತಿದ್ದರೆ ಗೇರ್ ಅಥವಾ ಬೇರಿಂಗ್ ಕಚ್ಚಿಕೊಂಡಿದೆ. ಅದನ್ನು ಎಳೆದುಕೊಂಡು ಹೋದರೆ ಚಕ್ರ ಒಂದು ಕಡೆ ಸವೆದು ಚಪ್ಪಟೆಯಾಗುತ್ತದೆ, ಹಳಿಯೂ ಕೆಡುತ್ತದೆ. ಅಲ್ಲಿಗೆ ನಿಲ್ಲಿಸಿ, ಚಕ್ರದಡಿ ಟ್ರಾಲಿ ಕೊಡುವವರನ್ನು ಕರೆಸಿ.

ಹೊರಟ ಸ್ವಲ್ಪ ಹೊತ್ತಿಗೆ, ವೇಗ ಇನ್ನೂ ಕಡಿಮೆ ಇರುವಾಗಲೇ ಒಮ್ಮೆ ಬ್ರೇಕ್ ಹಾಕಿ ನೋಡಿ. ಗಾಡಿ ಹಿಂದಿನಿಂದ ತಳ್ಳಿದಂತೆ ಅನ್ನಿಸಿದರೆ ಹಿಂದೆ ಬ್ರೇಕ್ ಸಾಲದು. ನಿಲ್ಲಿಸಿ ಮತ್ತೆ ನೋಡಿ. ದಾರಿಯಲ್ಲಿ ಸುಟ್ಟ ವಾಸನೆ ಬಂದರೆ ಎಲ್ಲೋ ಬ್ರೇಕ್ ಉಜ್ಜುತ್ತಿದೆ. ಕೆಟ್ಟ ಗಾಡಿಯ ಕ್ಯಾಬಿನಲ್ಲೂ ಒಬ್ಬರು ಇರಲಿ, ಇಂಜಿನ್ ಡ್ರೈವರ್ ಜೊತೆ ಮಾತಾಡಲು ದಾರಿ ಇರಲಿ. ಶಾಶ್ವತ ಅಯಸ್ಕಾಂತದ ಮೋಟಾರ್ ಇರುವ ಗಾಡಿಗಳಲ್ಲಿ ಚಕ್ರ ತಿರುಗಿದಷ್ಟೂ ಮೋಟಾರ್ ಕರೆಂಟ್ ಹುಟ್ಟಿಸುತ್ತದೆ. ಅಂಥವಕ್ಕೆ ಕೈಪಿಡಿಯಲ್ಲಿ ಬೇರೆಯೇ ವೇಗದ ಮಿತಿ ಇದ್ದರೆ ಅದನ್ನು ಮೀರಬೇಡಿ.

ಹತ್ತಿರದ ನಿಲ್ದಾಣದಲ್ಲಿ ಮೊದಲು ಜನರನ್ನು ಇಳಿಸಿ. ಅವರನ್ನು ಹೊತ್ತು ಶೆಡ್ ತನಕ ಹೋಗುವ ಅಗತ್ಯ ಇಲ್ಲ. ಶೆಡ್ಡಿನಲ್ಲಿ ಇಂಜಿನ್ ಬಿಚ್ಚುವ ಮೊದಲು ಚಕ್ರಗಳಿಗೆ ವೆಡ್ಜ್ ಕೊಡಿ. ಬ್ರೇಕ್ ಸಿಲಿಂಡರಿನ ಗಾಳಿ ಗಂಟೆಗಳಲ್ಲಿ ಸೋರಿ ಹೋಗುತ್ತದೆ, ಕೈಯಾರೆ ಬಿಡಿಸಿದ ಪಾರ್ಕಿಂಗ್ ಬ್ರೇಕ್ ತಾನಾಗಿ ಹಿಡಿಯುವುದಿಲ್ಲ. ಯಾವ ಬೋಗಿಯಲ್ಲಿ ರಿಂಗ್ ಎಳೆದಿರಿ, ಯಾವುದನ್ನು ಐಸೊಲೇಟ್ ಮಾಡಿದಿರಿ, ಕ್ಯಾಬಿನಲ್ಲಿ ಯಾವ ಸ್ವಿಚ್ ತಿರುಗಿಸಿದಿರಿ, ಇಷ್ಟನ್ನೂ ಬರೆದು ಶೆಡ್ಡಿನವರ ಕೈಗೇ ಕೊಡಿ.